ದೀಪದ ಗುಂಡಿಗೆ ಒಂದು ಬೆಣೆ

ಮೌನಮ್ಮ ರೊಟ್ಟಿ ಬಡಿಯುವುದನ್ನು ಅರ್ಧಕ್ಕೆ ಬಿಟ್ಟು, ಹಿಟ್ಟು ಹತ್ತಿದ ಕೈಯಲ್ಲೇ ಮಗಳ ಹಿಂದೆ ಬಂದು ನಿಂತಳು. ಮಗಳು ಮಲ್ಲೇಶ್ವರಿ ಕಲಬುರಗಿಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುವಾಕೆ. ಶನಿವಾರದ ಬಸ್ಸಿಗೆ ತನ್ನೂರಾದ ಸಗರಕ್ಕೆ ಬಂದರೆ ಸೋಮವಾರ ಬೆಳಗಿನವರೆಗೂ ಲ್ಯಾಪ್‌ಟಾಪ್ ಮುಂದೆಯೇ ಕೂತಿರುತ್ತಿದ್ದಳು. ಪರದೆಯ ಮೇಲೆ ಒಂದು ಬಂಡೆ, ಬಂಡೆಯಲ್ಲಿ ಒಂದು ಸೀಳು, ಸೀಳಿನಲ್ಲಿ ಹಲ್ಲಿನ ಚಕ್ರದಂಥದ್ದೊಂದು, ಅದರಿಂದ ಇಳಿಬಿದ್ದ ಗೆರೆ, ಗೆರೆಯ ತುದಿಗೆ ಸಣ್ಣ ಚೌಕ. ಮಲ್ಲೇಶ್ವರಿ ಒಂದು ಕೀಲಿ ಒತ್ತಿದಳು. ಚೌಕ ದಡಕ್ಕನೆ ಬಿತ್ತು, ಗೆರೆ ಬಿಗಿಯಿತು, ಚಕ್ರ ನೀಲಿಯಿಂದ ಹಸಿರಾಗಿ, ಅಂಚಿನಲ್ಲಿ ಕೆಂಪಾಗಿ ನಿಂತುಬಿಟ್ಟಿತು.

“ಆ ಚೌಕದ ಮ್ಯಾಲ ಏನೋ ಬರದೀಯಲ್ಲ, ಏನದು?”

“ದೇವು ಅಂತ.”

“ಯಾವ ದೇವು?”

“ನಮ್ಮ ದೇವೂನ ಅವ್ವಾ. ಅವನ ತೂಕ ಹಾಕೀನಿ.”

ಮೌನಮ್ಮನ ಕೈಯ ಹಿಟ್ಟು ಒಣಗತೊಡಗಿತ್ತು. “ಅಂದರ ಇಲ್ಲಿ ಕುಂತು ನನ್ನ ಮಗನ್ನ ಗುಂಡಿನ ಮ್ಯಾಲಿಂದ ಕೆಡವಾಕತ್ತೀಯಾ?”

“ಕೆಡವಲೇಬೇಕಲ್ಲ. ಕೆಡವಿದಾಗ ಹಿಡೀತದೋ ಇಲ್ಲೋ ಅನ್ನೋದು ಗೊತ್ತಾಗಬೇಕಲ್ಲ.”

“ಎಷ್ಟು ಸಲ ಕೆಡವೀದಿ?”

ಆ ಲೆಕ್ಕ ತಾಯಿಗೆ ಹೇಳುವಂಥದ್ದಾಗಿರಲಿಲ್ಲ.

“ಹೆಸರು ತಗಿ ಮದಲ. ಹೆಸರು ಹಿಡಿದು ಕೆಡವ್ತಾರೇನ ಯಾರರೆ? ಬುದ್ಧಿ ಅದನ ನಿನಗ?”

“ಮತ್ತೇನಂತ ಇಡಲಿ?”

“ಜ್ವಾಳದ ಚೀಲ ಅಂತ ಇಡು. ಅದನ್ನ ಬೇಕಾದಷ್ಟು ಕೆಡವು, ನಾ ಕೇಳಾಂಗಿಲ್ಲ.”

ಮಲ್ಲೇಶ್ವರಿ ನಗಲಿಲ್ಲ. ತಮ್ಮನ ಹೆಸರು ಅಳಿಸಿ ಜೋಳದ ಚೀಲ ಅಂತ ಬರೆದಳು. ಅಂದಿನಿಂದ ಆ ಬಂಡೆಯ ಮೇಲಿಂದ ಜೋಳದ ಚೀಲವೇ ಬೀಳುತ್ತಿತ್ತು. ಆದರೂ ಪ್ರತಿ ಸಲ ಅದು ಬೀಳುವಾಗ ಮೌನಮ್ಮ ಒಲೆಯ ಮುಂದೆ ಕೂತಲ್ಲೇ ಕಣ್ಣು ಮುಚ್ಚುತ್ತಿದ್ದಳು.

ಆ ಬಂಡೆ ಯಾವುದೆಂದು ಹೇಳಬೇಕು. ಶಹಾಪುರದಿಂದ ಸುರಪುರದ ಕಡೆಗೆ ಹೊರಟರೆ ಎಡಕ್ಕೆ ಗುಡ್ಡದ ಸಾಲು ಹತ್ತುತ್ತದೆ. ಯಾರೋ ದೊಡ್ಡ ಕೈಯವರು ಆಡಿ ಬಿಟ್ಟು ಹೋದ ಹಾಗೆ ಗುಂಡುಗಳು ಒಂದರ ಮೇಲೊಂದು ಕೂತಿವೆ. ಅವುಗಳಲ್ಲಿ ಯಾವುದಕ್ಕೂ ಆತುಕೊಳ್ಳದೆ ಒಂಟಿಯಾಗಿ ನಿಂತದ್ದು ದೀಪದ ಗುಂಡು. ಅದರ ನೆತ್ತಿಯಲ್ಲಿ ಕಲ್ಲಿನದೇ ಒಂದು ಬಟ್ಟಲು, ಪಕ್ಕದಲ್ಲೊಂದು ಮೋಟುಗಂಬ. ಹಿಂದಕ್ಕೆ ಅಲ್ಲಿ ಒಬ್ಬ ಅಜ್ಜ ಕೂತಿರುತ್ತಿದ್ದನಂತೆ. ದಾರಿ ತಪ್ಪಿದವರಿಗೆ, ಅವರು ಯಾವ ಜಾತಿಯವರೇ ಆಗಲಿ, ದೀಪ ತೋರಿಸುತ್ತಿದ್ದನಂತೆ. ಅಜ್ಜನಿಗೆ ಹೆಸರಿಲ್ಲ. ಹಿಂದೂಗಳು ಅಜ್ಜ ಅನ್ನುತ್ತಾರೆ, ಮುಸಲ್ಮಾನರು ದಾದಾ ಅನ್ನುತ್ತಾರೆ, ಇಬ್ಬರೂ ಹರಕೆಗೆ ಸಕ್ಕರೆ ಊದಿಸಿ ಹಂಚುತ್ತಾರೆ.

ವರ್ಷಕ್ಕೊಮ್ಮೆ, ಬನದ ಹುಣ್ಣಿವೆಯ ಸಂಜೆ, ಮಲ್ಲೇಶ್ವರಿಯ ತಂದೆ ಬಸಲಿಂಗನ ಮನೆತನದ ಒಬ್ಬ ಗಂಡಾಳು ಉಪವಾಸವಿದ್ದು, ಬೆನ್ನಿಗೆ ಎಣ್ಣೆಯ ತಂಬಿಗೆ ಕಟ್ಟಿಕೊಂಡು ಆ ಗುಂಡು ಹತ್ತಬೇಕು. ಹತ್ತುವುದಕ್ಕೆ ಇರುವುದೊಂದೇ ದಾರಿ, ಮೇಲಿಂದ ಕೆಳಗಿನ ತನಕ ಬಿಟ್ಟ ಸೀಳು. ಅದರಲ್ಲಿ ಕೈ ತುರುಕಿ, ಮುಷ್ಟಿ ಬಿಗಿದು, ಕಾಲು ಹೆಣೆದು ಏರಬೇಕು. ಕೆಳಗೆ ಹಿರಿಯ ಅಮರಪ್ಪ ಪದ ಹೇಳುತ್ತಾನೆ. ಒಂದು ಸಾಲು ಮುಗಿದರೆ ನೆರೆದವರೆಲ್ಲ “ಹೂಂ” ಅನ್ನಬೇಕು, ಆ ಹೂಂಕಾರಕ್ಕೆ ಹತ್ತುವವನು ಒಂದು ಕೈ ಮೇಲೆ ಇಡಬೇಕು. ದೀಪ ಹತ್ತುವ ತನಕ ಅವನು ತುಟಿ ಬಿಚ್ಚಬಾರದು. ಅವನಿಗಿಂತ ಮೊದಲು ಆ ವರ್ಷ ಗುಂಡಿನ ನೆತ್ತಿಯನ್ನು ಯಾರೂ ತುಳಿಯಬಾರದು. ಇಳಿಯುವಾಗ ಮಾತ್ರ ಮೋಟುಗಂಬಕ್ಕೆ ಹಗ್ಗ ಸುತ್ತಿಕೊಂಡು ಇಳಿಯಬಹುದು.

ಬಸಲಿಂಗ ಅನೇಕ ವರ್ಷ ಹತ್ತಿದ. ಭೀಮರಾಯನಗುಡಿ ಕ್ಯಾಂಪಿನಲ್ಲಿ ಕಾಲುವೆಯ ಗೇಟು ತಿರುಗಿಸುವ ಕೆಲಸ ಅವನದು, ತೋಳು ಕಬ್ಬಿಣದಂತಿದ್ದವು. ಮೂರು ವರ್ಷದ ಹಿಂದೆ, ನೆತ್ತಿ ಇನ್ನೊಂದು ಮಾರು ಇರುವಾಗ, ಬಿದ್ದ. ಸೊಂಟ ಕೂಡಿತು, ಎಡಗಾಲು ಕೂಡಲಿಲ್ಲ. ವ್ರತ ತಪ್ಪಿರಬೇಕು ಅಂದರು ಜನ. ಯಾವ ವ್ರತ, ಎಲ್ಲಿ ತಪ್ಪಿತು ಅನ್ನುವುದನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳಿದರು. ಬಸಲಿಂಗ ಯಾರಿಗೂ ಎದುರಾಡಲಿಲ್ಲ. ಆಮೇಲೆ ದೀಪ ಗುಂಡಿನ ಬುಡದಲ್ಲೇ ಹತ್ತುತ್ತಿತ್ತು. ಬುಡದ ದೀಪ ಯಾರಿಗೆ ಕಾಣಬೇಕು?

ಈ ವರ್ಷ ದೇವು ಎದ್ದು ನಿಂತು, “ನಾ ಹತ್ತತೀನಿ” ಅಂದ. ದೇವು ಕರೆಂಟಿನ ಲೈನ್‌ಮನ್. ತಾಯಿ ಎರಡು ದಿನ ಅವನ ಜೊತೆ ಮಾತು ಬಿಟ್ಟಳು. ಅಕ್ಕ ಮಾತು ಬಿಡಲಿಲ್ಲ.

“ಕಂಬ ಹತ್ತುವಾಗ ಬೆಲ್ಟ್ ಕಟ್ಕೋತೀಯೋ ಇಲ್ಲೋ?”

“ಕಟ್ಕೋತೀನಿ. ಇಲ್ಲಾಂದರ ಸಾಹೇಬ ಬೈತಾನ.”

“ನಿನ್ನ ಸಾಹೇಬಗ ಇರೋ ಫಿಕರ್ ನನಗಿರಬಾರದೇನು? ಗುಂಡಿಗೂ ಕಟ್ಕೋ.”

“ಕಂಬದಾಗ ಕಟ್ಟಾಕ ಕಂಬ ಅದ, ಅಕ್ಕಾ. ಗುಂಡಿನಾಗ ಎಲ್ಲಿ ಕಟ್ಟಲಿ? ನಿನ್ನ ಜಡಿಗೆ ಕಟ್ಟಲೇನು?”

ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಅವಳು ಬಾದಾಮಿಗೆ ಹೋಗಿ, ಬಂಡೆ ಹತ್ತುವ ಹುಡುಗರ ಜೊತೆ ಸೇರಿ, ಕೆಳಗೆ ನಿಂತು ಹಗ್ಗ ಹಿಡಿಯುವುದನ್ನು ಕಲಿತಳು. ಹಿಗ್ಗುವ ಹಗ್ಗ ತಂದಳು. ಆಮೇಲೆ ದೊಡ್ಡಪ್ಪ ಅಮರಪ್ಪನ ಮುಂದೆ ಹೋಗಿ ಕೂತಳು.

“ಗುಂಡಿಗೆ ಮಷಿನ್ ಹಚ್ಚಿ ತೂತು ಹೊಡ್ಯಾಕ ಬಂದೀಯೇನು?” ಅಮರಪ್ಪ ಕೇಳಿಯೇಬಿಟ್ಟ.

“ಇಲ್ಲ ದೊಡ್ಡಪ್ಪ. ತೂತಿಲ್ಲ, ಮೊಳಿ ಇಲ್ಲ. ಸೀಳಿನಾಗ ಒಂದು ವಸ್ತು ಇಡೋದು, ಅದರಾಗ ಹಗ್ಗ ಪೋಣಸೋದು. ಕೆಲಸ ಆದ ಮ್ಯಾಲ ತಗಿಯೋದು. ಗುಂಡಿಗೆ ಗೀರು ಸೈತ ಬೀಳಾಂಗಿಲ್ಲ.”

ಅಮರಪ್ಪ ಬಹಳ ಹೊತ್ತು ಗಡ್ಡ ಕೆರೆದುಕೊಂಡ. “ಕೈ ಒಳಗ ಹೋಗಿ ಹೊರಗ ಬರ್ತದಲ್ಲ, ಹಂಗ?”

“ಹಂಗ.”

“ಕೈ ಹೋಗೋ ಜಾಗಾದಾಗ ಕೈಯಂಥಾದ್ದು ಹೋದರ ಅಜ್ಜ ಬ್ಯಾಡ ಅನ್ನಾಂಗಿಲ್ಲ ಬಿಡು. ಆದರ ನೆತ್ತಿ ಮ್ಯಾಲ ಮದಲ ಹೋಗಿ ಹಗ್ಗ ಇಳೀಬಿಡೋದು ಗಿಳೀಬಿಡೋದು ನಡಿಯಾಂಗಿಲ್ಲ ನೋಡು, ತಂಗಿ.”

ಹೀಗೆ ಕೆಲಸ ಶುರುವಾಯಿತು. ಪಕ್ಕದ ಗುಂಡುಗಳ ಮೇಲೆ ನಿಂತು ಮೊಬೈಲಿನಲ್ಲಿ ಸೀಳಿನ ಚಿತ್ರ ತೆಗೆದಳು, ಬಿಸಿಲು ಬಂದಾಗೊಮ್ಮೆ, ನೆರಳು ಬಿದ್ದಾಗೊಮ್ಮೆ. ಆ ಚಿತ್ರಗಳನ್ನೆಲ್ಲ ಹೆಣೆದು ಕಂಪ್ಯೂಟರಿನೊಳಗೆ ಗುಂಡನ್ನು ನಿಲ್ಲಿಸಿದಳು. ಗುಂಡಿಗೆ ಉಳಿ ಹಚ್ಚುವ ಹಾಗಿಲ್ಲವಾದ್ದರಿಂದ ಅದೇ ಗುಡ್ಡದ ಬುಡದ ಕ್ವಾರಿಯಿಂದ ಒಂದು ಕಲ್ಲಿನ ಚೂರು ಒಯ್ದು, ಕಾಲೇಜಿನಲ್ಲಿ ಅದರ ಒರಟುತನ ಅಳೆದಳು. ಲೋಹವನ್ನು ಅದು ಎಷ್ಟು ಕಚ್ಚಿ ಹಿಡಿಯುತ್ತದೆ ಅನ್ನುವುದೇ ಮುಖ್ಯ. ಹಲ್ಲಿನ ಚಕ್ರಗಳ ಆಕಾರಕ್ಕೆ ಒಂದು ಗುಣವಿದೆ. ಕೆಳಗೆ ಜಗ್ಗಿದಷ್ಟೂ ಅವು ಅಕ್ಕಪಕ್ಕಕ್ಕೆ ಹಿಗ್ಗಿ ಗೋಡೆಯನ್ನು ಒತ್ತುತ್ತವೆ, ಒತ್ತಿದಷ್ಟೂ ಗೋಡೆ ಬಿಗಿ ಹಿಡಿಯುತ್ತದೆ. ಬಿದ್ದವನ ಭಾರವೇ ಬಿದ್ದವನನ್ನು ಹಿಡಿಯುತ್ತದೆ. ಅದನ್ನು ಮೊದಲ ಸಲ ಪರದೆಯ ಮೇಲೆ ನೋಡಿದ ದಿನ ಮಲ್ಲೇಶ್ವರಿ ಒಬ್ಬಳೇ ಕೂತು ಕೈ ಮುಗಿದಿದ್ದಳು.

ಚಕ್ರ ಕೊರೆದು ಕೊಟ್ಟವನು ಅಯಾಜ್. ಶಹಾಪುರದಲ್ಲಿ ಅವನದೊಂದು ಲೇತ್ ಅಂಗಡಿ. ದೇವುವಿನ ಜೊತೆ ಶಾಲೆ ಕಲಿತವನು, ಅದಕ್ಕೇ ಅವಳಿಗೆ ಅಕ್ಕಾ ಅನ್ನುತ್ತಿದ್ದ. ಅಲ್ಯುಮಿನಿಯಂ ಕೊರೆದು, ಸ್ಪ್ರಿಂಗು ಕೂಡಿಸಿ, ಎಂಟು ಸಲ ಕೆಡಿಸಿ, ಒಂಬತ್ತನೆಯದನ್ನು ಹಳೆಯ ಬನಿಯನ್ನಿನಲ್ಲಿ ಸುತ್ತಿ ತಂದುಕೊಟ್ಟ. “ಅಕ್ಕಾ, ಇದನ್ನ ನಮ್ಮ ನಿಕಾಹದಾಗ ಹೆಣ್ಣಿಗೆ ಕೊಡೋ ಮಹರ್ ಅಂತ ಇಟ್ಟಿದ್ದರ ನನ್ನ ಹೇಂತಿ ಹುಮೇರಾ ಎರಡು ಮಾತಿಲ್ಲದ ಕಬೂಲ್ ಅಂತಿದ್ದಳು” ಅಂದ.

ಹುಣ್ಣಿವೆಗೆ ಒಂದು ವಾರ ಇರುವಾಗ ಮೂವರೂ ಬೆಳಿಗ್ಗೆ ಗುಡ್ಡಕ್ಕೆ ಹೋದರು. ಸೀಳಿನಲ್ಲಿ ಏಣಿಗೆ ಎಟಕುವಷ್ಟು ಎತ್ತರದಲ್ಲಿ ಚಕ್ರ ಕೂಡಿಸಿದರು. ಹಗ್ಗ ಕಟ್ಟಿ, ಹಗ್ಗಕ್ಕೆ ಉಸುಕು ತುಂಬಿದ ಚೀಲ ಕಟ್ಟಿದರು. ಉಸುಕನ್ನು ಮಲ್ಲೇಶ್ವರಿಯೇ ತೂಗಿಸಿದ್ದಳು, ತಮ್ಮನ ತೂಕಕ್ಕೆ ಸರಿಯಾಗಿ.

“ನಾನು ಇಷ್ಟು ಸುಮ್ಮನೆ ಕುಂತದ್ದನ್ನ ಅವ್ವ ನೋಡಿದ್ದರ ಭಾಳ ಖುಷಿಪಡ್ತಿದ್ದಳು” ಅಂತ ದೇವು ಚೀಲದ ಬೆನ್ನು ತಟ್ಟಿದ.

ಚೀಲವನ್ನು ಮೇಲೆತ್ತಿ ಬಿಟ್ಟರು.

ಹಗ್ಗ ಬಿಗಿಯಾದ ಸಪ್ಪಳ ಬರಲೇ ಇಲ್ಲ. ಚಕ್ರ ಬಾಳೆಹಣ್ಣು ಸಿಪ್ಪೆಯಿಂದ ಜಾರಿದ ಹಾಗೆ ಸೀಳಿನಿಂದ ಜಾರಿ ಬಂದು, ಅಯಾಜನ ಕಾಲ ಪಕ್ಕಕ್ಕೆ ಬಿದ್ದು ಪುಟಿಯಿತು. ಚೀಲ ಒಡೆದು ಉಸುಕು ಚೆಲ್ಲಾಪಿಲ್ಲಿಯಾಯಿತು. ಯಾರೂ ಚೀಲದ ಕಡೆ ನೋಡಲಿಲ್ಲ. ಎಲ್ಲರಿಗಿಂತ ಹೆಚ್ಚಾಗಿ ದೇವು ನೋಡಲಿಲ್ಲ.

“ನಿಮ್ಮ ಕಂಪ್ಯೂಟರಿಗೆ ನಮ್ಮ ಕಡೆ ಬಿಸಿಲು ತಾಗೇದ ಕಾಣ್ತದ, ಅಕ್ಕಾ” ಅಂದ ಅಯಾಜ್. ಅವನ ದನಿಯಲ್ಲಿ ಚೇಷ್ಟೆ ಇರಲಿಲ್ಲ.

ಮತ್ತೆ ಇಟ್ಟರು, ಮತ್ತೆ ಜಾರಿತು. ಮಲ್ಲೇಶ್ವರಿ ಚಕ್ರವನ್ನು ಕೈಗೆ ತೆಗೆದುಕೊಂಡಳು. ಸ್ಪ್ರಿಂಗು ಸರಿಯಿತ್ತು, ಹಲ್ಲು ಸರಿಯಿತ್ತು. ಹಲ್ಲಿನ ಸಂದಿಯಲ್ಲಿ ಕರಿಯ ಜಿಗುಟೊಂದು ಮೆತ್ತಿಕೊಂಡಿತ್ತು. ಬೆರಳಲ್ಲಿ ತಿಕ್ಕಿ ಮೂಸಿದಳು.

ಮೂಸಿದ ಕೂಡಲೇ ಏಣಿಯ ಕೆಳಗಿನ ಮೆಟ್ಟಿಲಿಗೆ ಕೂತುಬಿಟ್ಟಳು. ಅದು ಅವಳ ಹಣೆಯ ವಾಸನೆ. ಚಿಕ್ಕಂದಿನಲ್ಲಿ ಜ್ವರ ಬಂದಾಗ, ಪರೀಕ್ಷೆಗೆ ಹೋಗುವಾಗ, ಮೊದಲ ಸಲ ಕಲಬುರಗಿಯ ಬಸ್ಸು ಹತ್ತುವಾಗ ಅವ್ವ ಬೆರಳಲ್ಲಿ ತೀಡಿದ ವಾಸನೆ. ನೆತ್ತಿಯ ಬಟ್ಟಲು ತುಂಬಿದರೆ ಸಾಲದು, ಉಕ್ಕಿ ಚೆಲ್ಲಬೇಕು ಅನ್ನುವುದು ಗುಂಡಿನ ಪದ್ಧತಿ. ಚೆಲ್ಲಿದ ಕುಸುಬಿ ಎಣ್ಣೆ ಸೀಳು ಹಿಡಿದು ಇಳಿಯುತ್ತದೆ. ಜನ ಬುಡದಲ್ಲಿ ಅರಳೆ ಹಿಡಿದು ಕಾಯುತ್ತಾರೆ, ಇಳಿದದ್ದನ್ನು ಮನೆಗೆ ಒಯ್ಯುತ್ತಾರೆ. ಎಷ್ಟು ತಲೆಮಾರಿನಿಂದ ಎಂದು ಅಮರಪ್ಪನಿಗೂ ಗೊತ್ತಿಲ್ಲ. ಅದನ್ನು ಎಣ್ಣೆ ಅಂತ ಆ ಸೀಮೆಯಲ್ಲಿ ಯಾರೂ ಅಂದವರಲ್ಲ. ಅದು ಪ್ರಸಾದ. ಎಣ್ಣೆಯಾಗಿದ್ದರೆ ಅವಳಿಗೆ ಹೊಳೆಯುತ್ತಿತ್ತು. ಬೇರೆ ಊರಿನ ಇಂಜಿನಿಯರ್ ಯಾರಾದರೂ ಬಂದಿದ್ದರೆ ಮೊದಲ ದಿನವೇ ಬೆರಳು ಇಟ್ಟು ನೋಡಿ, ಇದು ಜಾರುತ್ತದೆ ಅಂದುಬಿಡುತ್ತಿದ್ದ. ಅವಳು ಇಲ್ಲಿಯವಳು. ಅವಳಿಗೆ ಅದು ಹಣೆಗೆ ಹಚ್ಚುವ ವಸ್ತುವಾಗಿತ್ತು, ಲೆಕ್ಕಕ್ಕೆ ಹಚ್ಚುವ ವಸ್ತುವಾಗಿರಲಿಲ್ಲ. ಕ್ವಾರಿಯ ಒಣ ಕಲ್ಲನ್ನು ಅಳೆದು, ಆ ಲೆಕ್ಕದ ಮೇಲೆ ತಮ್ಮನ ಜೀವ ತೂಗಹಾಕಲು ಹೊರಟಿದ್ದಳು.

“ತೊಳದು ಬಿಡೂಣು” ಅಂದ ಅಯಾಜ್. “ಸೀಮಿಎಣ್ಣಿ ಹಚ್ಚಿ, ಸೋಪಿನ ಪುಡಿ ಹಚ್ಚಿ, ತಂತಿ ಬ್ರಷ್‌ಲಿಂದ ತಿಕ್ಕಿದರ ಹೋಗ್ತದ.”

ದೇವು ಅಕ್ಕನ ಮುಖ ನೋಡಿದ. ಅಕ್ಕ ತನ್ನ ಬೆರಳಿನ ಕರಿಯನ್ನು ನೋಡುತ್ತಿದ್ದಳು. ಒರೆಸಿಕೊಳ್ಳಲಿಕ್ಕೆ ಬಟ್ಟೆ ಇತ್ತು. ಒರೆಸಿಕೊಳ್ಳದೆ ಹಣೆಗೆ ಹಚ್ಚಿಕೊಂಡಳು.

“ಬ್ಯಾಡ ಅಯಾಜ್. ಅದನ್ನ ಮಾತ್ರ ಬ್ಯಾಡ.”

“ತೊಳದರ ನಮ್ಮಮ್ಮೀನೂ ಚಪ್ಪಲ್‌ಲಿಂದ ಹೊಡೀದ ಬಿಡ್ತಿದ್ದಿಲ್ಲ ನನಗ” ಅಂತ ಅಯಾಜ್ ತಾನೇ ತನ್ನ ಮಾತನ್ನು ಹಿಂದಕ್ಕೆ ತೆಗೆದುಕೊಂಡ. ಅವನ ತಾಯಿ ಚಮನಬೀ ಪ್ರತಿ ವರ್ಷ ಅರಳೆ ಹಿಡಿದು ಮುಂದಿನ ಸಾಲಿನಲ್ಲಿ ನಿಲ್ಲುವಾಕೆ.

ಮನೆಗೆ ಬಂದು ಮಲ್ಲೇಶ್ವರಿ ಊಟ ಬೇಡವೆಂದಳು. ಕಂಪ್ಯೂಟರಿನಲ್ಲಿ ಕಲ್ಲಿನ ಒರಟುತನವನ್ನು ಇಳಿಸಿದಳು, ಇನ್ನೂ ಇಳಿಸಿದಳು, ಎಣ್ಣೆ ಬಳಿದ ಕಲ್ಲಿನಷ್ಟಕ್ಕೆ ಇಳಿಸಿ ನಿಲ್ಲಿಸಿದಳು. ಜೋಳದ ಚೀಲ ಬಿತ್ತು. ಚಕ್ರ ಈ ಸಲ ಕೆಂಪಾಗಲಿಲ್ಲ. ಕೆಂಪಾಗುವಷ್ಟು ಹೊತ್ತು ಅದು ಅಲ್ಲಿ ಇರಲೇ ಇಲ್ಲ.

ತಂದೆ ಬಸಲಿಂಗ ಪಡಸಾಲೆಯ ಮಂಚದ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದ. ಮಗಳ ಈ ಕೆಲಸದ ಬಗ್ಗೆ ಅವನು ಅದುವರೆಗೂ ಒಂದು ಮಾತು ಆಡಿದವನಲ್ಲ, ಬೇಕು ಅಂದಿರಲಿಲ್ಲ, ಬೇಡ ಅಂದಿರಲಿಲ್ಲ. ಕೋಲು ಊರಿಕೊಂಡು ಎದ್ದು ಬಂದು ಅವಳ ಪಕ್ಕ ಕೂತ.

“ಜಾರಿತೇನು?”

“ಜಾರಿತಪ್ಪಾ. ಸೀಳಿನ ತುಂಬ ಪ್ರಸಾದ ಕುಂತದ. ನಾ ಅದನ್ನ ಲೆಕ್ಕಕ್ಕ ಹಿಡೀಲಿಲ್ಲ.”

ಬಸಲಿಂಗ ತನ್ನ ಬಲಗೈಯನ್ನು ಮುಷ್ಟಿ ಮಾಡಿದ, ಬಿಚ್ಚಿದ. “ಅದರಾಗ ನನ್ನ ಕೈ ಹಾಕಾಕ ಬರ್ತದೇನು?”

“ಅಂದರ?”

“ಆ ಚಕ್ರದ ಬದಲಿ. ನನ್ನ ಕೈ. ಅವತ್ತು ಇಟ್ಟ ಜಾಗಾದಾಗ.”

ಮಲ್ಲೇಶ್ವರಿ ತಂದೆಯ ಮುಷ್ಟಿಯನ್ನು ಪಟ್ಟಿ ಹಿಡಿದು ಅಳೆದಳು. ಗೆಣ್ಣಿನ ಅಗಲ, ಹೆಬ್ಬೆರಳಿನ ದಪ್ಪ. ಮೂರು ವರ್ಷದಲ್ಲಿ ಆ ಕೈ ಸೊರಗಿತ್ತು. ಸೊರಗಿದ್ದಕ್ಕೆ ಒಂದಿಷ್ಟು ಕೂಡಿಸಿಕೊಂಡಳು. ಅವನು ಪರದೆಯ ಮೇಲೆ ಬೆರಳಿಟ್ಟು ಜಾಗ ತೋರಿಸಿದ. ಮೊದಲು ಒಣ ಕಲ್ಲಿಗೆ ಇಟ್ಟಳು, ಕೈ ನಿಂತಿತು. ಆಮೇಲೆ ಎಣ್ಣೆಯ ಕಲ್ಲಿಗೆ ಇಟ್ಟಳು. ಕೈ ನಿಲ್ಲಲಿಲ್ಲ. ಎರಡು ಪಟ್ಟು ಬಲ ಕೊಟ್ಟಳು. ಆಗಲೂ ನಿಲ್ಲಲಿಲ್ಲ.

“ಯಾರಿದ್ದರೂ ಬೀಳ್ತಿದ್ದರಪ್ಪಾ” ಅಂದಳು. “ವ್ರತದ ಮಾತಲ್ಲ ಇದು. ಇಷ್ಟು ವರ್ಷ ನೀ ಬೀಳಲಿಲ್ಲ ಅನ್ನೋದ ದೊಡ್ಡದು. ನಾಳೆ ದೊಡ್ಡಪ್ಪಗ ಹೇಳ್ತೀನಿ. ಊರಿಗೆ ಹೇಳ್ತೀನಿ.”

“ಯಾರಿಗೂ ಹೇಳಬ್ಯಾಡ.”

“ಯಾಕ?”

“ಪ್ರಸಾದದಿಂದ ಬಿದ್ದ ಅಂತಾರ. ಮುಂದ ಅರಳಿ ಹಿಡಿಯೋ ಕೈಗೆ ಅನುಮಾನ ಬರ್ತದ. ಬಸಲಿಂಗ ತಪ್ಪಿದ, ಬಿದ್ದ ಅಂದರ ಅದು ನನ್ನೊಬ್ಬಂದು. ನಾ ಹೊರತೀನಿ.” ಕೋಲನ್ನು ಕೈಗೆ ತೆಗೆದುಕೊಂಡ. “ನನಗ ಗೊತ್ತಾತಲ್ಲ. ಸಾಕು.”

ಆ ಮೂರು ವರ್ಷಗಳಲ್ಲಿ ಮಲ್ಲೇಶ್ವರಿ ತಂದೆಯನ್ನು ಕರುಣೆಯಿಂದ ನೋಡುತ್ತ ಬಂದಿದ್ದಳು. ಆ ಹೊತ್ತಿಗೆ ಅವಳ ತಲೆ ತಾನಾಗಿ ಬಾಗಿತು.

ಮರುದಿನ ಕಾಲೇಜಿಗೆ ರಜೆ ಹಾಕಿದಳು. ಚಕ್ರವನ್ನು ಬನಿಯನ್ನಿನಲ್ಲಿ ಸುತ್ತಿ ಗೋಡೆಯ ಗೂಡಿನಲ್ಲಿ ಇಟ್ಟಳು. ತಿಂಗಳುಗಟ್ಟಲೆ ಕೆಲಸ, ನೋಡಲಿಕ್ಕೆ ಎಷ್ಟು ಚೆಂದದ ವಸ್ತು! ಆದರೆ ಅದು ಬದುಕುವುದು ಕಲ್ಲಿನ ಒರಟುತನದ ಮೇಲೆ. ಇಲ್ಲಿ ಕಲ್ಲು ನುಣುಪಾಗಿದೆ, ಜನರ ಭಕ್ತಿಯೇ ಅದನ್ನು ನುಣುಪು ಮಾಡಿದೆ. ಹಾಗಾದರೆ ಒರಟುತನವನ್ನು ಬೇಡದೇ ಇರುವಂಥದ್ದು ಏನಿದೆ? ಕಂಪ್ಯೂಟರಿನಲ್ಲಿ ಗುಂಡನ್ನು ತಿರುಗಿಸಿ ತಿರುಗಿಸಿ, ಸೀಳಿನ ಒಳಗೋಡೆಯನ್ನು ಮೇಲಿಂದ ಕೆಳಗೆ ಸವರುತ್ತ ಬಂದಳು. ಎರಡು ಕಡೆ ಸೀಳು ಮೇಲೆ ಅಗಲವಾಗಿ, ಕೆಳಗೆ ಇಕ್ಕಟ್ಟಾಗಿತ್ತು, ಲಾಳಿಕೆಯ ಹಾಗೆ. ಒಂದು ಆಳೆತ್ತರಕ್ಕಿಂತ ಸ್ವಲ್ಪ ಮೇಲೆ. ಇನ್ನೊಂದು ಬಸಲಿಂಗ ಬಿದ್ದ ಜಾಗಕ್ಕಿಂತ ತುಸು ಕೆಳಗೆ. ಅಲ್ಲಿ ಮೇಲಿಂದ ಒಂದು ಬೆಣೆ ಇಳಿಸಿದರೆ? ಅಲುಗದ, ತಿರುಗದ, ಬರಿಯ ಬೆಣೆ. ಕೆಳಗೆ ಜಗ್ಗಿದರೆ ಅದು ಜಾರಿದರೂ ಎಲ್ಲಿಗೆ ಜಾರಬೇಕು? ಇಕ್ಕಟ್ಟಿಗೆ ಜಾರಬೇಕು, ಜಾರಿದಷ್ಟೂ ಕೂರಬೇಕು.

ಒರಟುತನವನ್ನು ಸೊನ್ನೆಗೆ ತಂದು ಜೋಳದ ಚೀಲ ಕೆಡವಿದಳು. ಬೆಣೆ ಒಂದು ಕೂದಲೆಳೆ ಕೆಳಗಿಳಿದು ಕೂತಿತು. ಮತ್ತೆ ಕೆಡವಿದಳು. ಕೂತೇ ಇತ್ತು.

“ಅವ್ವಾ, ಬಾ ಇಲ್ಲಿ.”

“ಬರಾಂಗಿಲ್ಲ. ಅಲ್ಲಿಂದಲೇ ಹೇಳು.”

“ಹಿಡಿತವ್ವಾ.”

ಒಲೆಯ ಕಡೆಯಿಂದ ಮೂಗು ಸೀಟಿಕೊಂಡ ಸಪ್ಪಳ ಬಂತು.

ಬೆಣೆಯ ಚಿತ್ರ ನೋಡಿ ಅಯಾಜ್ ಹಣೆ ಬಡಿದುಕೊಂಡ. “ಅಕ್ಕಾ, ಚಕ್ರ ಕೊರದ ಕೈಲಿಂದ ಇದನ್ನ ಕೊರೀಲೇನು? ಬಾಗಲ ಬಡೀಬಾರದಂತ ಇಡೋ ಚಕ್ಕಿಯಂಗದ. ಇಜ್ಜತ್ ಹೋಯ್ತು ನಂದು.” ಅಂದವನು ಸಂಜೆಯೊಳಗೆ ಎರಡು ಬೆಣೆ ಕೊರೆದು, ಉಕ್ಕಿನ ತಂತಿ ಪೋಣಿಸಿ ತಂದ. ಗುಡ್ಡಕ್ಕೆ ಒಯ್ದು ಕೆಳಗಿನ ಇಕ್ಕಟ್ಟಿನಲ್ಲಿ ಒಂದನ್ನು ಇಟ್ಟು ಉಸುಕಿನ ಚೀಲ ಬಿಟ್ಟರು. ಹಗ್ಗ ಹಿಗ್ಗಿತು, ಚೀಲ ಗಾಳಿಯಲ್ಲಿ ತೂಗಾಡಿತು. ಆಮೇಲೆ ಬೆಣೆಯನ್ನು ಬಿಡಿಸಲಿಕ್ಕೆ ದೇವು ಕಟ್ಟಿಗೆಯ ಕೊಡತಿಯಲ್ಲಿ ಕೆಳಗಿನಿಂದ ಬಡಿದು ಸುಸ್ತಾದ.

ಹುಣ್ಣಿವೆಯ ಸಂಜೆ ಬಂತು. ಸಗರದಿಂದ, ಶಹಾಪುರದಿಂದ, ಸುರಪುರದ ಕಡೆಯಿಂದ ಜನ ಬಂದು ಗುಂಡಿನ ಸುತ್ತ ಕೂತರು. ಹೆಂಗಸರು ಮಡಿಲಲ್ಲಿ ಅರಳೆ ಇಟ್ಟುಕೊಂಡಿದ್ದರು. ದೇವು ಸೊಂಟಕ್ಕೆ ಪಟ್ಟಿ ಕಟ್ಟಿ, ಪಟ್ಟಿಗೆ ಹಗ್ಗ ಗಂಟು ಹಾಕಿ, ಬೆನ್ನಿಗೆ ತಂಬಿಗೆ ಏರಿಸಿ ನಿಂತಾಗ ಮಲ್ಕಪ್ಪ ಎನ್ನುವ ಮುದುಕ ಎಲ್ಲರಿಗೂ ಕೇಳುವ ಹಾಗೆ, “ಹಿಂದಕ ಭಕ್ತಿ ಕಟ್ಕೊಂಡು ಹತ್ತತಿದ್ದರು, ಈಗ ಹಗ್ಗ ಕಟ್ಕೊಂಡು ಹತ್ತತಾರ” ಅಂದ.

“ಹಗ್ಗದಾಗೂ ಭಕ್ತಿ ಅದ, ಮಲ್ಕಪ್ಪ ಕಾಕಾ. ನನ್ನ ಲೇತಿನ ಮ್ಯಾಲ ಕೈ ಇಟ್ಟು ಹೇಳ್ತೀನಿ” ಅಂದ ಅಯಾಜ್.

ಮಲ್ಲೇಶ್ವರಿ ಹಗ್ಗದ ಇನ್ನೊಂದು ತುದಿಯನ್ನು ತನ್ನ ಸೊಂಟದ ಪಟ್ಟಿಗೆ ಕಟ್ಟಿದ, ಹಗ್ಗ ತಡೆಯುವ ಹಿಡಿಕೆಯೊಳಗೆ ಹಾಯಿಸಿಕೊಂಡು ಗುಂಡಿನ ಬುಡದಲ್ಲಿ ನಿಂತಳು. ಅಮರಪ್ಪ ಕಣ್ಣು ಮುಚ್ಚಿ ದನಿ ಎತ್ತಿದ.

“ಎಣ್ಣಿ ತಂದೇನೊ ಒಡೆಯಾ, ಬಣ್ಣಿಲ್ಲದ ಬೆಳಕೀಗೆ...”

“ಹೂಂ.”

“ಕಣ್ಣು ನೀ ಕೊಟ್ಟದ್ದು, ಕಾಣುವವನೂ ನೀನೆ...”

“ಹೂಂ.”

ಒಂದೊಂದು ಹೂಂಕಾರಕ್ಕೆ ದೇವು ಒಂದೊಂದು ಕೈ ಏರಿದ. ಕೆಳಗಿನ ಇಕ್ಕಟ್ಟಿನಲ್ಲಿ ಬೆಣೆ ಇಟ್ಟು ಹಗ್ಗ ಸಿಕ್ಕಿಸಿದ. ಮೇಲಿನ ಇಕ್ಕಟ್ಟು ಬಂತು, ಅಲ್ಲಿಯೂ ಸಿಕ್ಕಿಸಿದ. ಮಲ್ಲೇಶ್ವರಿ ಹಗ್ಗ ಬಿಡುತ್ತ ಹೋದಳು. ದೇವುವಿನ ಕಾಲು ಬೆಣೆಯನ್ನು ದಾಟಿ ಮೇಲೆ ಹೋಯಿತು. ತಂದೆ ಪರದೆಯ ಮೇಲೆ ಬೆರಳಿಟ್ಟು ತೋರಿಸಿದ ಜಾಗಕ್ಕೆ ಅವನ ಕೈ ಬಂತು.

ಕೈ ಜಾರಿತು.

ಅಮ್ಮಾ ಅಂತ ಕೂಗಿದವರು ಯಾರೋ, ಜನರೆಲ್ಲ ಒಮ್ಮೆಲೇ ಎದ್ದರು. ಮಲ್ಲೇಶ್ವರಿಗೆ ಕಂಡದ್ದು ಇಷ್ಟು: ತಮ್ಮನ ಬೆನ್ನು ಆಕಾಶವನ್ನು ಮುಚ್ಚಿತು, ಹಗ್ಗ ಬಿರುಸಾಯಿತು, ಮತ್ತು ಅವಳ ಕಾಲು ನೆಲ ಬಿಟ್ಟವು. ಕಂಪ್ಯೂಟರಿನಲ್ಲಿ ಹಗ್ಗದ ಈ ತುದಿಗೆ ಅವಳು ಅಲುಗದ ಒಂದು ಚುಕ್ಕೆ ಇಟ್ಟಿದ್ದಳು. ಆ ಚುಕ್ಕೆ ತಾನೇ ಅನ್ನುವುದು, ತನಗೂ ಒಂದು ತೂಕ ಇದೆ ಮತ್ತು ಅದು ತಮ್ಮನ ತೂಕಕ್ಕಿಂತ ಬಹಳ ಕಡಿಮೆ ಅನ್ನುವುದು ಗಾಳಿಯಲ್ಲಿ ಮೇಲೆ ಹೋಗುವಾಗ ಅವಳಿಗೆ ತಿಳಿಯಿತು. ಭುಜ ಗುಂಡಿಗೆ ಬಡಿಯಿತು. ಹಗ್ಗ ಹಿಡಿದ ಕೈ ಬಿಡಲಿಲ್ಲ.

ಆಮೇಲೆ ಎಲ್ಲ ನಿಂತಿತು. ಮೇಲೆ ತಮ್ಮ ತೂಗುತ್ತಿದ್ದ, ಕೆಳಗೆ ಅಕ್ಕ ತೂಗುತ್ತಿದ್ದಳು. ಬೆಣೆ ಕೂತಲ್ಲೇ ಕೂತಿತ್ತು. ತಂಬಿಗೆಯ ಎಣ್ಣೆ ಅರ್ಧ ಚೆಲ್ಲಿ ದೇವುವಿನ ಕುತ್ತಿಗೆ, ಬೆನ್ನು, ಕಾಲು ಹಿಡಿದು ತೊಟ್ಟಿಕ್ಕುತ್ತಿತ್ತು.

“ಅಕ್ಕಾ, ಹಿಡಿತು!” ದೇವು ಅಲ್ಲಿಂದಲೇ ಕೂಗಿದ, ಸಣ್ಣ ಹುಡುಗನ ಹಾಗೆ. “ಹಿಡಿತಲ್ಲೇ!”

“ಮಾತಾಡಿಬಿಟ್ಟ” ಅಂದ ಮಲ್ಕಪ್ಪ. “ಮುಗೀತು. ಈ ವರ್ಷಾನೂ ದೀಪ ತೆಳಗ.”

ಮಲ್ಲೇಶ್ವರಿ ಸಾವಕಾಶ ಹಗ್ಗ ಸಡಿಲಿಸಿದಳು. ಅವಳ ಕಾಲು ನೆಲ ಮುಟ್ಟಿದವು, ಸ್ವಲ್ಪ ಹೊತ್ತಿಗೆ ದೇವುವಿನ ಕಾಲೂ ಮುಟ್ಟಿದವು. ಮೌನಮ್ಮ ಓಡಿಬಂದು ಮಗನ ಕೈ, ಮೊಣಕಾಲು, ತಲೆ ಮುಟ್ಟಿ ಮುಟ್ಟಿ ನೋಡಿದಳು. ಜನರೆಲ್ಲ ಅಮರಪ್ಪನ ಮುಖ ನೋಡುತ್ತಿದ್ದರು. ಅವನು ಪದ ನಿಲ್ಲಿಸಿದ್ದ.

“ನನ್ನ ಕೇಳಬ್ಯಾಡರಿ” ಅಂದ. “ಹತ್ತೋದಕ್ಕ ಕಟ್ಟಳಿ ಅದ, ಇಳಿಯೋದಕ್ಕ ಅದ. ಬಿದ್ದವ ಏನು ಮಾಡಬೇಕಂತ ನಮ್ಮ ಹಿರಿಯಾರು ಹೇಳೇ ಇಲ್ಲ. ಬಿದ್ದವರು ಯಾರೂ ಎದ್ದು ನಿಂತು ಕೇಳಲಿಲ್ಲಲ್ಲ.” ಅವನು ಹಿಂದಕ್ಕೆ ತಿರುಗಿ ತಮ್ಮನನ್ನು ಹುಡುಕಿದ. ಬಸಲಿಂಗ ಜನರ ಹಿಂದೆ, ಒಂದು ಕಲ್ಲಿನ ಮೇಲೆ, ಕೋಲಿನ ಮೇಲೆ ಗದ್ದ ಇಟ್ಟು ಕೂತಿದ್ದ. “ಬಸಲಿಂಗ, ನೀ ಹೇಳು. ಇಲ್ಲಿ ಬಿದ್ದು ಗೊತ್ತಿದ್ದವ ನೀನೊಬ್ಬನ.”

ಜನ ದಾರಿ ಬಿಟ್ಟರು. ಬಸಲಿಂಗ ಕೋಲೂರಿಕೊಂಡು ಮುಂದೆ ಬಂದ. ಮೂರು ವರ್ಷದಿಂದ ಆ ಜಾಗದಲ್ಲಿ ಅವನನ್ನು ಯಾರೂ ಏನೂ ಕೇಳಿರಲಿಲ್ಲ. ಗುಂಡನ್ನು ಒಮ್ಮೆ ಮೇಲಿನ ತನಕ ನೋಡಿದ. ಎಣ್ಣೆಯ ಸಂಗತಿ ಅವನ ನಾಲಿಗೆಯ ತುದಿಯಲ್ಲಿದೆ, ಒಂದು ಮಾತು ಆಡಿದರೆ ಊರು ಇವತ್ತೇ ಇವನನ್ನು ಮತ್ತೆ ತಲೆಯ ಮೇಲೆ ಇಟ್ಟುಕೊಳ್ಳುತ್ತದೆ ಅಂತ ಮಲ್ಲೇಶ್ವರಿ ಉಸಿರು ಹಿಡಿದು ನಿಂತಳು. ಅವನು ಅದನ್ನು ಆಡಲಿಲ್ಲ.

“ಹತ್ತತೀಯೇನೋ?” ಮಗನನ್ನು ಕೇಳಿದ.

ದೇವು ಬಾಯಿ ತೆರೆಯಲಿಲ್ಲ. ತಲೆ ಆಡಿಸಿದ.

“ಹಂಗಾದರ ಮದಲಿಂದ ಹತ್ತಲಿ. ಪದಾನೂ ಮದಲಿಂದ ಹೇಳು, ಅಣ್ಣಾ. ಅಜ್ಜ ದಾರಿ ತಪ್ಪಿದವರಿಗೆ ದೀಪ ಹಿಡದವ. ಎರಡನೇ ಸಲ ಬಂದವನ್ನ ಹೊಳ್ಳಿ ಕಳಸ್ತಾನೇನು?”

ಮಲ್ಕಪ್ಪ ಏನೋ ಹೇಳಲು ಹೋದ. ಚಮನಬೀ ಮುಂದಿನ ಸಾಲಿನಿಂದಲೇ ತಿರುಗಿ, “ಚುಪ್ ಕುಂಡ್ರಿ ಭಾಯಿ, ಕತ್ತಲಾಗಾಕತ್ತದ” ಅಂದಳು. ಅವನು ಕೂತ.

ಮೌನಮ್ಮ ತಾನು ತಂದಿದ್ದ ಬಾಟಲಿಯಿಂದ ತಂಬಿಗೆ ತುಂಬಿಸಿ, ಬಾಯಿ ಬಿಗಿಯಾಗಿ ಕಟ್ಟಿ, ಮಗನ ಬೆನ್ನಿಗೆ ತಾನೇ ಏರಿಸಿದಳು. ಅಂಗೈಯನ್ನು ಮಣ್ಣಿನಲ್ಲಿ ತಿಕ್ಕಿ ಎಣ್ಣೆ ಕಳೆದುಕೊಳ್ಳುವಂತೆ ಸನ್ನೆ ಮಾಡಿದಳು. ದೇವು ಮಣ್ಣು ತಿಕ್ಕಿಕೊಂಡ. ಬೆಣೆಗಳು ಕೂತಲ್ಲೇ ಇದ್ದವು, ಈ ಸಲ ಅವನ್ನು ಇಡುವ ಕೆಲಸವಿರಲಿಲ್ಲ.

ಮಲ್ಲೇಶ್ವರಿ ಹಗ್ಗ ಸರಿಮಾಡಿಕೊಂಡು ಮತ್ತೆ ಬುಡದಲ್ಲಿ ನಿಂತಳು. ಭುಜ ಉರಿಯುತ್ತಿತ್ತು. ಹಿಂದೆ ಕೋಲು ನೆಲಕ್ಕೆ ಬಿದ್ದ ಸಪ್ಪಳವಾಯಿತು. ತಿರುಗಿ ನೋಡುವಷ್ಟರಲ್ಲಿ ಬಸಲಿಂಗ ಅವಳ ಬೆನ್ನಿಗೆ ಬಂದು ನೆಲದ ಮೇಲೆ ಕೂತು, ಸರಿಯಿದ್ದ ಕಾಲನ್ನು ಒಂದು ಕಲ್ಲಿಗೆ ಒತ್ತಿಕೊಟ್ಟು, ಅವಳ ಸೊಂಟದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಕಾಲುವೆಯ ಗೇಟು ಹಿಡಿಯುವ ಹಿಡಿತ.

“ನೀ ಹಗ್ಗ ನೋಡು” ಅಂದ. “ಈಗ ನೀ ಹಾರಾಂಗಿಲ್ಲ.”

ಅಮರಪ್ಪ ಮೊದಲ ಸಾಲಿಗೆ ದನಿ ಎತ್ತಿದ. ಜನ ಹೂಂಗುಟ್ಟಿದರು. ದೇವು ಒಂದು ಕೈ ಏರಿದ, ಸಡಿಲಾದ ಒಂದು ಗೇಣು ಹಗ್ಗವನ್ನು ಮಲ್ಲೇಶ್ವರಿ ತನ್ನ ಕಡೆ ಎಳೆದುಕೊಂಡಳು.